ಫಲಿತಾಂಶದ ನೋಟಿಸ್ ಬಂತಾ? ಪ್ರೌಢಶಾಲೆಯ ಹೊಸ ಹೆಚ್.ಎಂ.ಗಳಿಗೆ ಒಂದು ಮಾರ್ಗದರ್ಶಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಸಂಜೆಯೊಳಗೆ ತಾಲ್ಲೂಕಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಶಾಲೆಗಳ ಪಟ್ಟಿ ಬಿದ್ದಿರುತ್ತದೆ. ಮೇಲಿಂದ ಕೆಳಕ್ಕೆ ಶೇಕಡಾವಾರು, ಕೊನೆಯ ಸಾಲುಗಳಿಗೆ ಕೆಂಪು ಬಣ್ಣ. ಆಮೇಲೆ ಕಾರಣ ಕೇಳಿ ನೋಟಿಸ್, ಪರಿಶೀಲನಾ ಸಭೆ, ಕ್ರಿಯಾ ಯೋಜನೆ, ವಾರದ ವರದಿ, ತಿಂಗಳ ವರದಿ. ಬಡ್ತಿ ಸಿಕ್ಕಿ ಬಂದ ಹೆಚ್.ಎಂ. (ಮುಖ್ಯೋಪಾಧ್ಯಾಯರು) ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಇದೆಲ್ಲ ಶುರುವಾಗಿರುತ್ತದೆ.

ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳಲ್ಲಿ ಈ ಕುರ್ಚಿಗೆ ಹೊಸದಾಗಿ ಬಂದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ನಾನು ಹೇಳಬೇಕೆಂದಿರುವುದು ಇಷ್ಟೇ: ಮೇಲಿನವರು ಕೇಳಿದ ಅಂಕಿಯನ್ನು ಮೊದಲು ನಿಮ್ಮ ಶಾಲೆಯ ಕೆಲಸಕ್ಕೆ ಬಳಸಿಕೊಳ್ಳಿ, ಆಮೇಲೆ ಮೇಲಕ್ಕೆ ಕಳಿಸಿ. ಉಲ್ಟಾ ಮಾಡಿದರೆ ವರ್ಷವೆಲ್ಲ ಫಾರಂ ತುಂಬುವುದರಲ್ಲೇ ಹೋಗುತ್ತದೆ.

1. ಅಂಕಿಯ ಹಿಂದೆ ಏನಿದೆ ನೋಡಿ

ರಾಜ್ಯದ ಒಟ್ಟು ಫಲಿತಾಂಶ 2023ರಲ್ಲಿ ಶೇ. 83.89 ಇತ್ತು. 2024ರಲ್ಲಿ ಶೇ. 73.40. 2025ರ ಪರೀಕ್ಷೆ-1ರಲ್ಲಿ, ಅಂದರೆ ಆ ವರ್ಷದ ಮೊದಲ ಪರೀಕ್ಷೆಯಲ್ಲಿ, ರೆಗ್ಯುಲರ್ ವಿದ್ಯಾರ್ಥಿಗಳದ್ದು ಶೇ. 66.14. ಎರಡೇ ವರ್ಷದಲ್ಲಿ ಹದಿನೇಳಕ್ಕೂ ಜಾಸ್ತಿ ಕುಸಿತ. ಮಕ್ಕಳು ಇದ್ದಕ್ಕಿದ್ದಂತೆ ದಡ್ಡರಾದರಾ? ಇಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಕ್ಯಾಮೆರಾ ಕಣ್ಣಿಟ್ಟಾಗ ನಕಲು ಕಡಿಮೆಯಾಯಿತು, ಫಲಿತಾಂಶ ಬಿತ್ತು. ಬಿದ್ದದ್ದನ್ನು ಎತ್ತಲು ಆ ವರ್ಷ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರು. ಮರುವರ್ಷ ಅದನ್ನು ಕೈಬಿಟ್ಟರು. 2024ರಿಂದಲೇ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿಯೂ ಬಂತು. 2025-26ನೇ ಸಾಲಿಗೆ ಪಾಸಿನ ಗೆರೆಯೇ ಶೇ. 35ರಿಂದ 33ಕ್ಕೆ ಇಳಿಯಿತು: 625ಕ್ಕೆ ಒಟ್ಟು 206, ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30.

ಹೀಗಿರುವಾಗ 'ನಿಮ್ಮ ಶಾಲೆ 2023ರಲ್ಲಿ 88 ಇತ್ತು, ಈಗ 65 ಆಗಿದೆ' ಎಂದು ಯಾರಾದರೂ ಹೇಳಿದರೆ ಆ ಹೋಲಿಕೆಗೆ ಅರ್ಥವಿಲ್ಲ. ಸಭೆಯಲ್ಲಿ ಇದನ್ನು ಬಾಯಿಮಾತಲ್ಲಿ ಹೇಳಿದರೆ ನೆಪದ ಹಾಗೆ ಕೇಳಿಸುತ್ತದೆ. ಅದಕ್ಕೇ ಒಂದು ಹಾಳೆ ಮಾಡಿ. ನಾಲ್ಕು ವರ್ಷದ ನಿಮ್ಮ ಶಾಲೆಯ ಅಂಕಿ, ಪಕ್ಕದಲ್ಲಿ ತಾಲ್ಲೂಕು, ಜಿಲ್ಲೆ, ರಾಜ್ಯದ ಅಂಕಿ, ಕೊನೆಯ ಕಾಲಂನಲ್ಲಿ ಆ ವರ್ಷದ ನಿಯಮ. ರಾಜ್ಯ ಏಳು ಅಂಕ ಇಳಿದಾಗ ನೀವು ನಾಲ್ಕು ಇಳಿದಿದ್ದರೆ ಅದು ಬೇರೆ ಕಥೆ. ರಾಜ್ಯ ಏಳು, ನೀವು ಇಪ್ಪತ್ತು ಅಂದರೆ ಅದೂ ಬೇರೆ ಕಥೆ. ಅದನ್ನು ನೀವು ಮುಚ್ಚಿಡಬಾರದು.

2. ಸುತ್ತೋಲೆಯನ್ನು ಕೊನೆಯ ಸಾಲಿನವರೆಗೆ ಓದಿ

ವಾಟ್ಸ್‌ಆ್ಯಪ್‌ನಲ್ಲಿ 'ಅತೀ ತುರ್ತು, ಈ ದಿನವೇ' ಎಂದು ಬಂದದ್ದೆಲ್ಲ ಆದೇಶವಲ್ಲ. ಆದೇಶಕ್ಕೆ ಸಂಖ್ಯೆ, ದಿನಾಂಕ, ಸಹಿ, ಉಲ್ಲೇಖ ಇರುತ್ತವೆ. ಉಲ್ಲೇಖದಲ್ಲಿರುವ ಮೂಲ ಸುತ್ತೋಲೆಯನ್ನು ತರಿಸಿಕೊಂಡು ಓದಿ. ಆಯುಕ್ತರ ಕಚೇರಿಯಿಂದ ಹೊರಟಾಗ 'ಸಾಧ್ಯವಿರುವ ಕಡೆ' ಎಂದಿದ್ದದ್ದು ಡಿಡಿಪಿಐ (ಜಿಲ್ಲೆಯ ಉಪನಿರ್ದೇಶಕರು), ಬಿಇಒ (ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ), ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ದಾಟಿ ನಿಮ್ಮ ಮೊಬೈಲಿಗೆ ಬರುವ ಹೊತ್ತಿಗೆ 'ಕಡ್ಡಾಯವಾಗಿ' ಆಗಿರುವುದು ಅಪರೂಪವೇನಲ್ಲ.

ಓದಿದ ಮೇಲೆ ಮೂರು ಭಾಗ ಮಾಡಿ. ತರಗತಿಯ ಪಾಠವೇ ಬದಲಾಗಬೇಕಾದದ್ದು ಒಂದು. ನಾವು ಈಗಾಗಲೇ ಮಾಡುತ್ತಿರುವುದನ್ನೇ ಬೇರೆ ಹೆಸರಿನಲ್ಲಿ ಕೇಳುತ್ತಿರುವುದು ಇನ್ನೊಂದು. ಬರೀ ಕಚೇರಿಯಲ್ಲಿ ಮುಗಿಯುವ ಮಾಹಿತಿ ಮೂರನೆಯದು. ಮೂರನೆಯದನ್ನು ನೀವು ಮತ್ತು ಗುಮಾಸ್ತರು ಮುಗಿಸಿ. ಶಿಕ್ಷಕರ ಕೈಗೆ ಕೊಡಲೇಬೇಡಿ. ಮೊದಲನೆಯದಕ್ಕೆ ಮಾತ್ರ ಸ್ಟಾಫ್ ಮೀಟಿಂಗ್ ಕರೆಯಿರಿ. ಬಂದದ್ದನ್ನೆಲ್ಲ ಸ್ಟಾಫ್ ಗ್ರೂಪಿಗೆ ಫಾರ್ವರ್ಡ್ ಮಾಡುವುದು ಅಂಚೆಯಣ್ಣನ ಕೆಲಸ, ಹೆಚ್.ಎಂ. ಕೆಲಸವಲ್ಲ.

3. ಶೇಕಡಾವಾರನ್ನು ಬಿಡಿಸಿದರೆ ಮಕ್ಕಳು ಸಿಗುತ್ತಾರೆ

ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಗೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಹತ್ತನೇ ತರಗತಿಯಲ್ಲಿ 40 ಮಕ್ಕಳು. 26 ಪಾಸು. ಫಲಿತಾಂಶ ಶೇ. 65. ಇಲ್ಲಿ ಒಂದು ಮಗು ಅಂದರೆ ಎರಡೂವರೆ ಅಂಕ. ದೊಡ್ಡ ಶಾಲೆಯ ಜೊತೆ ಹೋಲಿಸುವವರಿಗೆ ಇದನ್ನು ನೆನಪಿಸಿ: ಸಣ್ಣ ಶಾಲೆಯಲ್ಲಿ ಮೂರು ಮಕ್ಕಳು ಅತ್ತಿತ್ತ ಆದರೆ ಪಟ್ಟಿಯಲ್ಲಿ ಹತ್ತು ಸ್ಥಾನ ಜಾರುತ್ತದೆ.

ಈಗ ಫೇಲಾದ 14 ಮಕ್ಕಳ ಹೆಸರನ್ನು ಒಂದೊಂದಾಗಿ ಬರೆಯಿರಿ. ಏಳು ಮಕ್ಕಳು ಒಂದೇ ವಿಷಯದಲ್ಲಿ ಹೋಗಿದ್ದಾರೆ, ಅದರಲ್ಲಿ ಐವರು ಗಣಿತ. ಮೂವರು ಗಣಿತ ಮತ್ತು ಇಂಗ್ಲಿಷ್. ಉಳಿದ ನಾಲ್ವರು ಹೆಚ್ಚು ಕಡಿಮೆ ಎಲ್ಲದರಲ್ಲೂ. ಈ ನಾಲ್ವರ ಹಾಜರಿ ತೆಗೆದು ನೋಡಿ. ಒಬ್ಬ ದೀಪಾವಳಿ ಕಳೆದ ಮೇಲೆ ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯಲು ಹೋದವನು, ಫೆಬ್ರವರಿಯಲ್ಲಿ ಹಾಲ್‌ಟಿಕೆಟ್ ತೆಗೆದುಕೊಳ್ಳಲು ಬಂದಿದ್ದ. ಇನ್ನೊಬ್ಬಳು ಮನೆಯಲ್ಲಿ ಎಳೆ ಮಗು ನೋಡಿಕೊಳ್ಳಲು ಉಳಿದವಳು. ಇವರಿಬ್ಬರಿಗೆ ಗಣಿತದ ವಿಶೇಷ ತರಗತಿ ಇಟ್ಟರೆ ಏನು ಪ್ರಯೋಜನ? ಮನೆಗೆ ಹೋಗಿ ಬರುವ ಕೆಲಸ ಅದು, ಅದೂ ನವೆಂಬರ್‌ನಲ್ಲಿ.

ಮುಂದಿನ ಹೆಜ್ಜೆ ಸ್ವಲ್ಪ ಕಹಿ. ಗಣಿತದಲ್ಲಿ ಫೇಲಾದ ಹುಡುಗನ ಅಂಕ 27 ಎಂದಿದೆ. ಸ್ವಲ್ಪದರಲ್ಲೇ ತಪ್ಪಿತಲ್ಲ ಅನ್ನಿಸುತ್ತದೆ. ಅದರಿಂದ ಶಾಲೆಯೇ 20ಕ್ಕೆ ಕೊಡುವ ಆಂತರಿಕ ಅಂಕ ಕಳೆದು ನೋಡಿ. ಆಂತರಿಕ 19 ಇದ್ದರೆ ಲಿಖಿತದಲ್ಲಿ ಅವನು ತೆಗೆದದ್ದು 80ಕ್ಕೆ 8. ಅಂದರೆ ವರ್ಷವಿಡೀ ನಾಲ್ಕು ರೂಪಣಾತ್ಮಕ ಮೌಲ್ಯಮಾಪನದಲ್ಲಿ (ಶಾಲೆಯೊಳಗೇ ನಡೆಸುವ ಕಿರುಪರೀಕ್ಷೆ, ಚಟುವಟಿಕೆ) ನಾವು ಆ ಹುಡುಗನಿಗೆ 'ನೀನು ಚೆನ್ನಾಗಿದ್ದೀಯ' ಅಂತ ಬರೆದುಕೊಟ್ಟಿದ್ದೇವೆ. ಅವನೂ ನಂಬಿದ, ಮನೆಯವರೂ ನಂಬಿದರು. ಆಂತರಿಕ ಅಂಕ ಎಲ್ಲರಿಗೂ 18, 19, 20 ಇರುವ ಶಾಲೆಯಲ್ಲಿ ಯಾರಿಗೆ ಸಹಾಯ ಬೇಕು ಎಂದು ತಿಳಿಯುವ ದಾರಿಯನ್ನೇ ನಾವು ಮುಚ್ಚಿಕೊಂಡಿರುತ್ತೇವೆ. ಆಂತರಿಕ ಮತ್ತು ಲಿಖಿತ ಅಂಕ ಅಕ್ಕಪಕ್ಕ ಇಟ್ಟು ಒಂದು ಪಟ್ಟಿ ಮಾಡಿ. ನಿಮ್ಮ ಶಾಲೆಯ ಬಗ್ಗೆ ನೀವು ಓದುವ ಅತ್ಯಂತ ಪ್ರಾಮಾಣಿಕ ಕಾಗದ ಅದೇ.

ಅಷ್ಟಕ್ಕೇ ನಿಲ್ಲಬೇಡಿ. ಸಮಸ್ಯೆ ಹತ್ತನೇ ತರಗತಿಯದ್ದಲ್ಲ. ಜೂನ್‌ನಲ್ಲಿ ಸೇತುಬಂಧ (ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬುವ ಪಾಠ) ನಡೆಯುವಾಗ ಎಂಟನೇ ತರಗತಿಗೆ ನೀವೇ ಹೋಗಿ. ನಾಲ್ಕನೇ ತರಗತಿ ಕನ್ನಡ ಪುಸ್ತಕದ ಒಂದು ಪುಟವನ್ನು ಪ್ರತಿ ಮಗುವಿನಿಂದ ಓದಿಸಿ. 845ನ್ನು 6ರಿಂದ ಭಾಗಿಸಲು ಕೊಡಿ. ಯಾರು ತಡವರಿಸಿದರು ಎಂದು ಗುರುತು ಹಾಕಿಕೊಳ್ಳಿ. ಮೂರು ವರ್ಷದ ಆಚೆ ಬರುವ ನೋಟಿಸ್ ಇವತ್ತೇ ನಿಮ್ಮ ಕೈಯಲ್ಲಿರುತ್ತದೆ. ಹತ್ತನೇ ತರಗತಿಯ ಜನವರಿಯಲ್ಲಿ 'ಪಾಸಿಂಗ್ ಪ್ಯಾಕೇಜ್' (ಪಾಸಾಗಲು ಬೇಕಾದಷ್ಟನ್ನೇ ಆರಿಸಿ ಕೊಡುವ ಪಾಠ, ಪ್ರಶ್ನೆಗಳು) ಹಿಡಿದು ಓಡಾಡುವ ಬದಲು ಎಂಟರಲ್ಲೇ ದಿನಕ್ಕೆ ಒಂದು ಪೀರಿಯಡ್ ಓದು, ಲೆಕ್ಕಕ್ಕೆ ಕೊಡಿ. ಪ್ಯಾಕೇಜ್ ತಪ್ಪು ಎನ್ನುತ್ತಿಲ್ಲ. ಆದರೆ ಕನ್ನಡವನ್ನೇ ಓದಲಾಗದ ಮಗುವಿಗೆ ಅದು ಇನ್ನೊಂದು ಕಾಗದ, ಅಷ್ಟೇ.

4. ನೋಟಿಸ್‌ಗಿಂತ ಮೊದಲು ಪರೀಕ್ಷೆ-2

2025ರಲ್ಲಿ ಮೇ 2ಕ್ಕೆ ಫಲಿತಾಂಶ ಬಂತು, ಮೇ 26ಕ್ಕೆ ಪರೀಕ್ಷೆ-2 ಶುರುವಾಯಿತು. ಮಧ್ಯೆ ಮೂರು ವಾರ ಚಿಲ್ಲರೆ. ಈ ದಿನಗಳಲ್ಲಿ ಸಮಜಾಯಿಷಿ ಬರೆಯುತ್ತಾ ಕೂತರೆ ಒಂದೇ ವಿಷಯದಲ್ಲಿ ಹೋದ ಆ ಏಳು ಮಕ್ಕಳು ಕೈತಪ್ಪುತ್ತಾರೆ. ಫಲಿತಾಂಶದ ದಿನವೇ ಫೋನ್ ಮಾಡಿ, ಶಾಲೆಗೆ ಕರೆಸಿ, ನೋಂದಣಿ ಮಾಡಿಸಿ. ರಜೆಯಲ್ಲಿ ಪಾಠ ಮಾಡಲು ಒಬ್ಬ ಗಣಿತ ಶಿಕ್ಷಕರು ಒಪ್ಪಿದರೂ ಸಾಕು. ಫೇಲಾದ ಮಗುವಿಗೆ ಆ ವಾರ ಮೊದಲು ಕೇಳಬೇಕಾದ ಮಾತು 'ಯಾಕೆ ಹೀಗಾಯ್ತು?' ಅಲ್ಲ, 'ಇನ್ನೊಂದು ಸಲ ಬರಿಯೋಣ, ಬಾ' ಎಂಬುದು.

5. ಸಮಜಾಯಿಷಿ ಬರೆಯುವ ಬಗೆ

ನೋಟಿಸ್ ನೋಡಿ, ವೇತನ ಬಡ್ತಿ ನಿಲ್ಲಿಸಿಬಿಟ್ಟಾರು ಎಂದು ಎದೆ ಧಸಕ್ಕೆನ್ನುವುದು ಸಹಜ. ಆದರೆ ವಾರ್ಷಿಕ ವೇತನ ಬಡ್ತಿ ತಡೆಹಿಡಿಯುವುದು ಒಂದು ದಂಡನೆ. ಸರ್ಕಾರಿ ನೌಕರರ ವಿಷಯದಲ್ಲಿ ಅದಕ್ಕೆ 1957ರ ಕರ್ನಾಟಕ ನಾಗರಿಕ ಸೇವಾ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳ ದಾರಿಯಿದೆ. ನಿಮ್ಮ ಹೇಳಿಕೆ ಕೇಳದೆ ಅದನ್ನು ಹಾಕುವಂತಿಲ್ಲ. ಹಾಗಾಗಿ ನಿಮ್ಮ ಉತ್ತರ ಕಾಟಾಚಾರದ ಕಾಗದ ಆಗಬಾರದು. ಕೊಟ್ಟ ಗಡುವಿನೊಳಗೆ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ.

ಸಾಮಾನ್ಯವಾಗಿ ಬರುವ ಉತ್ತರ ಹೀಗಿರುತ್ತದೆ: 'ಮಕ್ಕಳು ಗ್ರಾಮೀಣ ಹಿನ್ನೆಲೆಯವರಾಗಿದ್ದು, ಪೋಷಕರು ಅನಕ್ಷರಸ್ಥರಾಗಿದ್ದು, ಮುಂದಿನ ದಿನಗಳಲ್ಲಿ ಫಲಿತಾಂಶ ಸುಧಾರಣೆಗೆ ಶ್ರಮಿಸಲಾಗುವುದು.' ಓದುವವರಿಗೂ ಬೇಸರ, ಬರೆದವರಿಗೂ ನಂಬಿಕೆ ಇಲ್ಲ. ಪಕ್ಕದ ಹಳ್ಳಿಯ ಶಾಲೆಯ ಪೋಷಕರೂ ಅಂಥವರೇ ಅಲ್ವಾ?

ಬದಲಿಗೆ ಹೀಗೆ ಬರೆಯಿರಿ: 'ಹಾಜರಾದ 40 ಮಕ್ಕಳಲ್ಲಿ 14 ಮಂದಿ ಅನುತ್ತೀರ್ಣರಾಗಿದ್ದಾರೆ. ಅವರಲ್ಲಿ 8 ಮಂದಿ ಗಣಿತದಲ್ಲಿ ಅಥವಾ ಗಣಿತ ಮತ್ತು ಇಂಗ್ಲಿಷ್‌ನಲ್ಲಿ ಮಾತ್ರ. ಗಣಿತ ಶಿಕ್ಷಕರ ಹುದ್ದೆ ಜೂನ್‌ನಿಂದ ಖಾಲಿ ಇತ್ತು. ಈ ಬಗ್ಗೆ ಬರೆದ ಪತ್ರಗಳ ಪ್ರತಿ ಲಗತ್ತಿಸಿದೆ. ಅತಿಥಿ ಶಿಕ್ಷಕರು ಆಗಸ್ಟ್‌ನಲ್ಲಿ ಹಾಜರಾದರು. ಆಂತರಿಕ ಮೌಲ್ಯಮಾಪನದಲ್ಲಿ ಮಕ್ಕಳ ಕಲಿಕೆಯ ನಿಜಸ್ಥಿತಿ ಕಾಣದೆ ಹೋದದ್ದು ಶಾಲೆಯ ಕಡೆಯ ಲೋಪ. ಈ ಸಾಲಿನಿಂದ ಅದನ್ನು ಸರಿಪಡಿಸಿದ ವಿಧಾನ ಹೀಗಿದೆ.'

ಇಲ್ಲಿ ಮೂರು ವಿಷಯ ಗಮನಿಸಿ. ಅಂಕಿ ಇದೆ. ಇಲಾಖೆಯ ಪಾಲು ಇದೆ, ದಿನಾಂಕದ ಸಮೇತ, ಆದರೆ ದೂರಿನ ದನಿ ಇಲ್ಲ. ಶಾಲೆಯ ಲೋಪವನ್ನೂ ಒಪ್ಪಿಕೊಂಡಿದೆ. ಒಪ್ಪಿಕೊಂಡರೆ ಸಿಕ್ಕಿಹಾಕಿಕೊಳ್ಳುತ್ತೇವೆ ಎಂಬ ಭಯ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ, ಎಲ್ಲವನ್ನೂ ಬೇರೆಯವರ ಮೇಲೆ ಹಾಕಿದ ಉತ್ತರಕ್ಕಿಂತ ಇಂಥದ್ದಕ್ಕೇ ತೂಕ ಜಾಸ್ತಿ. ಶಿಕ್ಷಕರ ಹೆಸರು ಮಾತ್ರ ಹಾಕಬೇಡಿ. 'ಗಣಿತ ಶಿಕ್ಷಕರ ನಿರ್ಲಕ್ಷ್ಯ' ಎಂದು ಒಂದು ಸಾಲು ಬರೆದ ದಿನವೇ ನಿಮ್ಮ ಸ್ಟಾಫ್ ರೂಂ ಎರಡು ಭಾಗವಾಗುತ್ತದೆ.

6. ಸ್ಟಾಫ್ ಮೀಟಿಂಗ್

ಮೀಟಿಂಗ್‌ಗೆ ಮೊದಲು ಗಣಿತದ ಮೇಡಂ ಅಥವಾ ಸರ್ ಜೊತೆ ಒಬ್ಬರೇ ಕೂತು ಮಾತಾಡಿ. ಎಲ್ಲರೆದುರು ಪಟ್ಟಿ ತೋರಿಸಿ ನಿಲ್ಲಿಸಿಕೊಂಡರೆ ಅವರು ತಮ್ಮ ಪರ ವಾದ ಮಾಡಲೇಬೇಕಾಗುತ್ತದೆ. ಒಬ್ಬರೇ ಇದ್ದಾಗ 'ಸರ್, ಭಿನ್ನರಾಶಿನೇ ಬರಲ್ಲ ಅವಕ್ಕೆ, ನಾನು ವರ್ಗಸಮೀಕರಣ ಮಾಡಿ ಸಿಲಬಸ್ ಮುಗಿಸ್ಬೇಕು' ಎಂದು ನಿಜ ಹೇಳುತ್ತಾರೆ. ಅಲ್ಲಿಂದ ಕೆಲಸ ಶುರು ಮಾಡಬಹುದು.

ಮೀಟಿಂಗ್‌ನಲ್ಲಿ ಹದಿನಾಲ್ಕು ಹೆಸರಿನ ಪಟ್ಟಿ ಇಡಿ, ಶೇಕಡಾವಾರು ಬೇಡ. ಮಕ್ಕಳನ್ನು ಶಿಕ್ಷಕರಿಗೆ ದತ್ತು ಕೊಡುವ ಪದ್ಧತಿ ಹಲವು ಕಡೆ ಇದೆ. ಒಳ್ಳೆಯದೇ. ಆದರೆ ಒಬ್ಬರಿಗೆ ಮೂರು ನಾಲ್ಕು ಮಕ್ಕಳಿಗಿಂತ ಜಾಸ್ತಿ ಕೊಟ್ಟರೆ ಅದು ಗೋಡೆ ಮೇಲಿನ ಪಟ್ಟಿಯಾಗಿ ಉಳಿಯುತ್ತದೆ. ಪಿ.ಇ. ಮಾಸ್ಟರನ್ನೂ ಸೇರಿಸಿ. ಯಾವ ಹುಡುಗ ಯಾಕೆ ಬರುತ್ತಿಲ್ಲ ಎಂಬುದು ಬಹಳ ಸಲ ಅವರಿಗೇ ಮೊದಲು ಗೊತ್ತಿರುತ್ತದೆ.

ಇನ್ನು, ನೀವೂ ವಾರಕ್ಕೆ ಕೆಲವು ಪೀರಿಯಡ್ ಪಾಠ ಮಾಡಿ. ಪಾಠ ಬಿಟ್ಟ ಹೆಚ್.ಎಂ. ಪಾಠದ ಬಗ್ಗೆ ಹೇಳಿದರೆ ಯಾರೂ ಕಿವಿಗೊಡುವುದಿಲ್ಲ.

7. ಅಡ್ಡದಾರಿಗಳು

ಒತ್ತಡ ಜಾಸ್ತಿಯಾದಾಗ ಸುಲಭದ ದಾರಿಗಳು ತಾವಾಗಿ ಕಾಣಿಸುತ್ತವೆ. ಒಂಬತ್ತರಲ್ಲೇ ದುರ್ಬಲ ಮಗುವಿಗೆ ಟಿಸಿ ಕೊಟ್ಟು ಕಳಿಸುವುದು. 'ಖಾಸಗಿ ಅಭ್ಯರ್ಥಿಯಾಗಿ ಕಟ್ಟು' ಎಂದು ಪೋಷಕರ ಕಿವಿಯಲ್ಲಿ ಹೇಳುವುದು. ಹಾಜರಾತಿ ಕಡಿಮೆ ಎಂದು ಹಾಲ್‌ಟಿಕೆಟ್ ತಡೆಯುವುದು, ಅದೂ ಕೆಲವರಿಗೆ ಮಾತ್ರ. ಪರೀಕ್ಷಾ ಕೊಠಡಿಯಲ್ಲಿ 'ಸ್ವಲ್ಪ ನೋಡ್ಕೊಳ್ಳಿ' ಎಂದು ಹೇಳಿಸುವುದು. ಮೊದಲ ಮೂರರಿಂದ ಅಂಕಿ ಏರಬಹುದು, ಆದರೆ ಆ ಮಗು ಮತ್ತೆ ಓದಿಗೆ ಬರುವುದು ಕಷ್ಟ. ನಾಲ್ಕನೆಯದರಿಂದ ನಿಮ್ಮ ನೌಕರಿಯೇ ಹೋಗಬಹುದು.

ಇದು ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ. ಅಮೆರಿಕದಲ್ಲಿ 2002ರಲ್ಲಿ ಜಾರಿಯಾದ ಕಾನೂನೊಂದು 2014ರೊಳಗೆ ಎಲ್ಲ ಮಕ್ಕಳೂ ಓದು, ಗಣಿತದಲ್ಲಿ ನಿಗದಿತ ಮಟ್ಟ ಮುಟ್ಟಬೇಕು ಎಂದು ಗುರಿ ಇಟ್ಟಿತ್ತು. ಗುರಿ ಮುಟ್ಟದ ಶಾಲೆಗೆ ಶಿಕ್ಷೆ. ಅಟ್ಲಾಂಟಾ ನಗರದಲ್ಲಿ ಶಿಕ್ಷಕರು, ಹೆಡ್‌ಮಾಸ್ಟರುಗಳು ಮಕ್ಕಳ ಉತ್ತರ ಪತ್ರಿಕೆಯನ್ನೇ ಅಳಿಸಿ ತಿದ್ದಿದರು. 2011ರ ತನಿಖಾ ವರದಿಯಲ್ಲಿ 44 ಶಾಲೆಗಳ 178 ಮಂದಿಯ ಹೆಸರು ಬಂತು. 2015ರಲ್ಲಿ 11 ಮಂದಿಗೆ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಯಿತು. ಅವರಲ್ಲಿ ಹೆಚ್ಚಿನವರು ಕೆಟ್ಟವರೇನೂ ಆಗಿರಲಿಲ್ಲ ಎಂದು ನನಗನ್ನಿಸುತ್ತದೆ. ಮೊದಲ ಸಲ ಯಾರೋ 'ಸ್ವಲ್ಪ ನೋಡ್ಕೊಳ್ಳಿ' ಎಂದಾಗ ಆಗಲ್ಲ ಎನ್ನಲಿಲ್ಲ, ಅಷ್ಟೇ.

8. ದಾಖಲೆಗಳು

ಬೇಗ ಹೇಳಿ ಮುಗಿಸುತ್ತೇನೆ. ಹಾಜರಿ ಪುಸ್ತಕ, ಬಿಸಿಯೂಟದ ವಹಿ, ಮಕ್ಕಳ ಮಾಹಿತಿ ಇರುವ ರಾಜ್ಯದ ಪೋರ್ಟಲ್ ಎಸ್‌ಎಟಿಎಸ್ ಮೂರರಲ್ಲೂ ಒಂದೇ ಅಂಕಿ ಇರಬೇಕು. ಪರಿಶೀಲನೆಗೆ ಬಂದವರು ಮೊದಲು ತಾಳೆ ನೋಡುವುದು ಇದನ್ನೇ. ಶಾಲೆಗಳ ರಾಷ್ಟ್ರೀಯ ಅಂಕಿಅಂಶ ಸಂಗ್ರಹವಾದ ಯು-ಡೈಸ್ ಪ್ಲಸ್‌ಗೆ ಸೆಪ್ಟೆಂಬರ್ 30 ಆಧಾರ ದಿನಾಂಕ, ಅಂದಿನ ದಾಖಲಾತಿಯನ್ನು ಅಂದೇ ಎಣಿಸಿ ಬರೆದಿಟ್ಟುಕೊಳ್ಳಿ. ದಾಖಲಾತಿ ವಹಿಯ ಹೆಸರಿಗೂ ಆಧಾರ್ ಹೆಸರಿಗೂ ತಾಳೆಯಾಗದ ಮಕ್ಕಳ ಪಟ್ಟಿಯನ್ನು ಜೂನ್‌ನಲ್ಲೇ ಮಾಡಿ. ಇನಿಶಿಯಲ್ ಒಂದು ಅತ್ತಿತ್ತ ಇದ್ದರೂ ಅಪಾರ್ ಐಡಿ (ವಿದ್ಯಾರ್ಥಿಯ ರಾಷ್ಟ್ರೀಯ ಗುರುತಿನ ಸಂಖ್ಯೆ) ಮಾಡಿಸುವಾಗ ತಲೆನೋವು. ವಾರಕ್ಕೆ ಒಂದು ಮಧ್ಯಾಹ್ನ ಆನ್‌ಲೈನ್ ಕೆಲಸಕ್ಕೆ ಮೀಸಲಿಡಿ, ಉಳಿದ ದಿನ ಕಂಪ್ಯೂಟರ್ ಕಡೆ ತಿರುಗಬೇಡಿ. ಸರ್ವರ್ ಹೇಗೂ ಬ್ಯುಸಿ ಇರುತ್ತದೆ.

9. ಹೊಸ ಯೋಜನೆ ಬಂದಾಗ

ಸುಧಾರಣೆಗಳು ಬರುತ್ತವೆ, ಕೆಲವು ಉಳಿಯುತ್ತವೆ, ಕೆಲವು ಹೋಗುತ್ತವೆ. ಚಟುವಟಿಕೆಯ ಮೂಲಕ ಕಲಿಸುವ ನಲಿಕಲಿ 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶಿಕ್ಷಕರೇ ಕೂತು ಕಟ್ಟಿದ್ದು, ರಾಜ್ಯವೆಲ್ಲ ಹರಡಿತು. ಕೋವಿಡ್ ನಂತರ 2022-23ರಲ್ಲಿ ಕಲಿಕೆಯ ನಷ್ಟ ತುಂಬಲು ಕಲಿಕಾ ಚೇತರಿಕೆ ಬಂತು, ಒಂದು ವರ್ಷ ಇಡೀ ಶಾಲೆ ಅದರ ಸುತ್ತ ತಿರುಗಿತು. 5, 8, 9ನೇ ತರಗತಿಗೆ ಬೋರ್ಡ್ ಪರೀಕ್ಷೆ ಎಂದಾಗ ಪ್ರಕರಣ ಹೈಕೋರ್ಟ್, ಸುಪ್ರೀಂ ಕೋರ್ಟ್ ನಡುವೆ ಓಡಾಡಿತು. 2024ರ ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಟ್ಟಿತು. ಮಕ್ಕಳು ಪರೀಕ್ಷೆ ಬರೆದಾಗಿತ್ತು, ಮೇಷ್ಟ್ರು ಪೇಪರ್ ತಿದ್ದಿಯೂ ಆಗಿತ್ತು.

ಇದನ್ನೆಲ್ಲ ನೋಡಿದ ಹಳಬರು 'ಇದೂ ಹೋಗುತ್ತೆ ಬಿಡಿ ಸರ್' ಎನ್ನುತ್ತಾರೆ. ಪೂರ್ತಿ ತಪ್ಪೂ ಅಲ್ಲ, ಪೂರ್ತಿ ಸರಿಯೂ ಅಲ್ಲ. ಹೊಸದು ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ನನ್ನ ಎಂಟನೇ ತರಗತಿಯ ಆ ತಡವರಿಸುವ ಮಕ್ಕಳಿಗೆ ಇದರಲ್ಲಿ ಏನಾದರೂ ಇದೆಯಾ? ಇದನ್ನು ತೆಗೆದುಕೊಂಡರೆ ಯಾವುದನ್ನು ನಿಲ್ಲಿಸಬೇಕು? ಎರಡನೇ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ಪಾಠ ಆಧಾರಿತ ಮೌಲ್ಯಾಂಕನ (ಪಾಠ ಮುಗಿದ ಹಾಗೆ ನಡೆಸುವ ಪರೀಕ್ಷೆ) ಬಂದರೆ, ಶಾಲೆಯಲ್ಲಿ ನೀವಾಗಿ ಇಟ್ಟುಕೊಂಡ ಕಿರುಪರೀಕ್ಷೆಗಳನ್ನು ಬಿಡಿ. ಎರಡನ್ನೂ ನಡೆಸಿದರೆ ಮಕ್ಕಳು ಬರೆಯುತ್ತಲೇ ಇರುತ್ತಾರೆ, ಮೇಷ್ಟ್ರು ಅಂಕ ಏರಿಸುತ್ತಲೇ ಇರುತ್ತಾರೆ, ಪಾಠ ಮಾಡುವವರು ಯಾರು?

10. ಮೇಲಕ್ಕೆ 'ಆಗಲ್ಲ' ಎನ್ನುವುದು

ಹೇಳಬಹುದು. ಬರವಣಿಗೆಯಲ್ಲಿ, ಮರ್ಯಾದೆಯಿಂದ, ಬದಲಿ ದಾರಿ ತೋರಿಸಿ. 'ಪ್ರತಿದಿನದ ಬದಲು ವಾರಕ್ಕೊಮ್ಮೆ ಕಳಿಸಲು ಅನುಮತಿ ಕೋರಿದೆ' ಎಂಬ ಎರಡು ಸಾಲಿನ ಪತ್ರಕ್ಕೆ ಬಹಳ ಸಲ ಉತ್ತರವೇ ಬರುವುದಿಲ್ಲ. ಆದರೆ ಮುಂದೆ ಯಾರಾದರೂ ಕೇಳಿದರೆ ತೋರಿಸಲು ನಿಮ್ಮ ಕೈಯಲ್ಲಿ ಅದು ಇರುತ್ತದೆ.

ಕಾನೂನೂ ಸ್ವಲ್ಪ ನೆರವಿಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಾಕುವಂತಿಲ್ಲ. ವಾಸ್ತವ ಬೇರೆ. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರೇ ಮನೆಮನೆ ತಿರುಗಿದರು, ಅದಕ್ಕಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಇಂಥದ್ದು ನಡೆದಾಗ ಯಾವ ವಿಷಯಕ್ಕೆ ಎಷ್ಟು ಪೀರಿಯಡ್ ತಪ್ಪಿತು ಎಂದು ಅಂದೇ ಲೆಕ್ಕ ಬರೆದಿಡಿ. ಮೇ ತಿಂಗಳ ಸಮಜಾಯಿಷಿಗೆ ಅಕ್ಟೋಬರ್‌ನ ಈ ಹಾಳೆ ಬೇಕಾಗುತ್ತದೆ.

ಬಿಇಒ ನಿಮ್ಮ ಶತ್ರುವಲ್ಲ ಎಂಬುದೂ ನೆನಪಿರಲಿ. ಅವರಿಗೂ ಮೇಲೆ ಒಂದು ಪಟ್ಟಿ ಇದೆ, ಅದರಲ್ಲಿ ತಾಲ್ಲೂಕುಗಳ ಹೆಸರು.

11. ಎಸ್‌ಡಿಎಂಸಿ ಮತ್ತು ಪೋಷಕರು

ಕರ್ನಾಟಕದಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ 2001ರಿಂದಲೇ ಇದೆ, ಶಿಕ್ಷಣ ಹಕ್ಕು ಕಾಯ್ದೆಗೂ ಮೊದಲೇ. ಎಷ್ಟೋ ಕಡೆ ಅದು ಸಹಿ ಹಾಕಿಸಿಕೊಳ್ಳುವ ಸಭೆಯಾಗಿಬಿಟ್ಟಿದೆ. ಫಲಿತಾಂಶದ ಹಾಳೆಯನ್ನು ಅವರ ಮುಂದೆ ನೀವೇ ಇಡಿ, ಪತ್ರಿಕೆಯಲ್ಲಿ ಓದಿ ಬರುವವರೆಗೆ ಕಾಯಬೇಡಿ. ಹಣ ಕೇಳುವುದಕ್ಕಿಂತ ಕೆಲಸ ಕೇಳಿ. ಕಬ್ಬು ಕಡಿಯಲು ಹೊರಟ ಕುಟುಂಬದ ಜೊತೆ ಮಾತಾಡಿ ಹುಡುಗನನ್ನು ಊರಲ್ಲೇ ಅಜ್ಜಿ ಮನೆಯಲ್ಲೋ ಹಾಸ್ಟೆಲ್‌ನಲ್ಲೋ ಉಳಿಸುವ ಕೆಲಸ ನಿಮ್ಮಿಂದ ಆಗುವುದಕ್ಕಿಂತ ಊರಿನ ಒಬ್ಬ ಹಿರಿಯರಿಂದ ಚೆನ್ನಾಗಿ ಆಗುತ್ತದೆ.

12. ವರ್ಗಾವಣೆಯಾಗುವ ಮೊದಲು

ಇವತ್ತಲ್ಲ ನಾಳೆ ನಿಮಗೆ ಬೇರೆ ಊರು. ಚಾರ್ಜ್ ಕೊಡುವಾಗ ಬೀಗದ ಕೈ, ಕ್ಯಾಷ್ ಬುಕ್, ಸ್ಟಾಕ್ ರಿಜಿಸ್ಟರ್ ಜೊತೆಗೆ ಒಂದು ಫೈಲ್ ಕೂಡ ಕೊಡಿ. ಅದರಲ್ಲಿ ನಾಲ್ಕು ವರ್ಷದ ಫಲಿತಾಂಶದ ಹಾಳೆ, ಆಂತರಿಕ ಮತ್ತು ಲಿಖಿತ ಅಂಕದ ಪಟ್ಟಿ, ಖಾಲಿ ಹುದ್ದೆಗೆ ಬರೆದ ಪತ್ರಗಳ ಪ್ರತಿ, ಹಿಂದಿನ ನೋಟಿಸ್‌ಗಳ ಉತ್ತರ, ಈಗ ಎಂಟು ಮತ್ತು ಒಂಬತ್ತರಲ್ಲಿರುವ, ಓದಲು ಕಷ್ಟಪಡುವ ಮಕ್ಕಳ ಹೆಸರು ಇರಲಿ. ಪ್ರತಿ ಹೆಸರಿನ ಮುಂದೆ ಮನೆಯ ಪರಿಸ್ಥಿತಿ ಒಂದು ಸಾಲು, ಯಾವ ಶಿಕ್ಷಕರ ಮಾತು ಆ ಮಗು ಕೇಳುತ್ತದೆ ಎಂದು ಇನ್ನೊಂದು ಸಾಲು. ಫೈಲ್ ಒಳಗೆ ನಿಮ್ಮ ಫೋನ್ ನಂಬರ್ ಬರೆದಿಡಿ. ಮೊದಲ ಪರಿಶೀಲನಾ ಸಭೆಗೆ ಹೋಗುವ ಹಿಂದಿನ ರಾತ್ರಿ ಹೊಸ ಹೆಚ್.ಎಂ. ಫೋನ್ ಮಾಡೇ ಮಾಡುತ್ತಾರೆ.